ಅಂಚೆಯಲ್ಲಿ ಬಂದ ಬಿಲ್ವಪತ್ರೆ

ಈ ಸಂಗತಿಯನ್ನು ಹೇಳುವವರೆಲ್ಲರೂ ಮಂಡಿನೋವಿನಿಂದಲೇ ಆರಂಭಿಸುತ್ತಾರೆ. ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲದಲ್ಲಿ ಚಿಕುನ್‌ಗುನ್ಯ ಮೂಡಲಪಾಳ್ಯದ ಬೀದಿಬೀದಿಗೂ ಬಂದಿತ್ತು. ಜ್ವರ ಬೇಗ ಇಳಿಯುತ್ತಿತ್ತು. ಕೀಲುನೋವು ಮಾತ್ರ ಮನೆ ಬಿಡದ ಬಾಡಿಗೆದಾರನಂತೆ ತಿಂಗಳುಗಟ್ಟಲೆ ಉಳಿಯುತ್ತಿತ್ತು. ನೆಟ್ಟಗೆ ನಡೆಯುವವನನ್ನು ಕಂಡರೆ ಅವನು ಹೊರಗಿನವನೆಂದು ಜನ ತಿಳಿಯುತ್ತಿದ್ದರು.

ಶಿವಗಂಗಮ್ಮನಿಗೆ ಅದು ಬೆರಳಿಗೆ ಹಿಡಿದಿತ್ತು. ದಾವಣಗೆರೆ ಕಡೆಯಿಂದ ಬಂದ ಶಿವಭಕ್ತ ಕುಟುಂಬಗಳು ಸಂಘ ಮಾಡಿಕೊಂಡು ಕಟ್ಟಿದ ಮಂದಿರದ ಕೆಳಗಿನ ಕೋಣೆಯಲ್ಲಿ ಆಕೆ ಬಹುಕಾಲದಿಂದ ಜೋಳದ ರೊಟ್ಟಿ ತಟ್ಟಿ, ಲಗ್ಗೆರೆಯ ಕಾರ್ಖಾನೆ ಹುಡುಗರಿಗೆ ಮಾರಿ ಬದುಕುತ್ತಿದ್ದಳು. ಈಗ ಒಲೆ ಆರಿತ್ತು. ಆರಿದ ಒಲೆಯನ್ನು ಕಂಡ ಸಂಘದ ಅಧ್ಯಕ್ಷ ಶಂಭುಲಿಂಗಪ್ಪನವರು, ಆ ಕೋಣೆಗೆ ಶಟರ್ ಹಾಕಿಸಿ ಮೊಬೈಲ್ ಅಂಗಡಿಗೆ ಕೊಡಬೇಕೆಂದರು. ಅವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ಖಾಲಿ ಜಾಗ ಕಂಡರೆ ಅವರಿಗೆ ನೆಮ್ಮದಿಯಿರುತ್ತಿರಲಿಲ್ಲ. ವಿಷಯ ಮತಕ್ಕೆ ಬಿತ್ತು.

ಆ ಸಂಘದಲ್ಲಿ ಮತವೆಂದರೆ ಬಿಲ್ವಪತ್ರೆ. ಓದು ಬಾರದ ಹಿರಿಯರ ಕಾಲದ ಕ್ರಮವದು: ಲಿಂಗದ ಮುಂದೆ ಎರಡು ತಂಬಿಗೆ ಇಡುವುದು, ಒಪ್ಪುವವರು ಬಲದ ತಂಬಿಗೆಗೆ, ಒಪ್ಪದವರು ಎಡದ ತಂಬಿಗೆಗೆ, ಅರ್ಚಕರು ಕೈಗಿತ್ತ ಎಲೆಯನ್ನು ಹಾಕುವುದು. ಆದರೆ ಲಿಂಗವಿದ್ದದ್ದು ಮಹಡಿಯ ಮೇಲೆ. ಶಿವಗಂಗಮ್ಮನ ಪರವಾಗಿದ್ದವರಲ್ಲಿ ಬಹುತೇಕರು ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿರಲಿಲ್ಲ.

"ಅಂಚೆಯಲ್ಲಿ ತರಿಸೋಣ ಸಾರ್," ಎಂದ ಕಾರ್ಯದರ್ಶಿ ಚನ್ನವೀರೇಶ್. ವಿಜಯನಗರದಲ್ಲಿ ಪಾತ್ರೆ ಅಂಗಡಿಯಿಟ್ಟವನು. "ಒಂದು ಕವರ್, ಒಂದು ಎಲೆ. ಮುಗೀತು."

"ದೇವರ ಮುಂದೆ ಹಾಕೋ ಮತ ಪೋಸ್ಟ್‌ಮ್ಯಾನ್ ಚೀಲದಲ್ಲಿ ಬರುತ್ತೇನಯ್ಯ, ಫೋನ್ ಬಿಲ್ ಜೊತೆ?"

"ದೇವರು ಎಲ್ಲಾ ಕಡೆ ಇರ್ತಾನೆ ಅಂತ ಹೋದ ವಾರ ಉಪನ್ಯಾಸದಲ್ಲಿ ನೀವೇ ಹೇಳಿದ್ರಲ್ಲ ಸಾರ್."

"ಅದು ಉಪನ್ಯಾಸ ಕಣಯ್ಯ. ಇದು ವ್ಯವಹಾರ. ಮನೇಲಿ ಸೊಸೆ ಅತ್ತೆ ಕೈ ಹಿಡಿದು ಎಲೆ ಹಾಕಿಸಿದ್ರೆ ಯಾರು ನೋಡೋರು?"

ಬಾಗಿಲಲ್ಲಿ ಶಿವಗಂಗಮ್ಮನ ಜೊತೆ ಕುಳಿತಿದ್ದ ನೆರೆಮನೆಯ ಹಾಲವ್ವ ನಡುವೆ ಬಾಯಿ ಹಾಕಿದಳು. "ನಮ್ಮತ್ತಿ ಕೈ ಹಿಡಿಯೋ ಧೈರ್ಯ ನನಗಿದ್ರ ನಾ ಯಾಕ್ರಿ ಇಲ್ಲಿ ಕುಂದರ್ತಿದ್ದೆ? ನಿಮ್ಮ ಕುರ್ಚಿ ಮ್ಯಾಲೆ ಕುಂದರ್ತಿದ್ದೆ."

ಅಧ್ಯಕ್ಷರು ಇದನ್ನು ಕೇಳಿಸಿಕೊಳ್ಳಲಿಲ್ಲ. "ಎಲೆ ದಾರೀಲೇ ಒಣಗಿದ್ರೆ?"

ಇದಕ್ಕೆ ಶಿವಗಂಗಮ್ಮನೇ ಉತ್ತರ ಕೊಟ್ಟಳು. "ಹೂವಾದ್ರ ಬಾಡ್ತೈತಿ. ಬಿಲ್ವಕ್ಕ ಮೈಲಿಗಿ ಐತೇನ್ರಿ ಯಜಮಾನ್ರ? ಒಣಗಿದ್ದನ್ನೂ ತೊಳದು ಏರಸ್ತೀವಲ್ಲ."

ಶಾಸ್ತ್ರ ಆಕೆಯ ಕಡೆಗಿತ್ತು. ಶಂಭುಲಿಂಗಪ್ಪನವರು ಕನ್ನಡಕ ಒರೆಸಿಕೊಂಡು, ಎರಡು ಷರತ್ತುಗಳ ಮೇಲೆ ಒಪ್ಪಿದರು. ಒಂದೇ ಸಂಘದಲ್ಲಿ ಎರಡು ಕ್ರಮ ಸಲ್ಲದು. ಅಧ್ಯಕ್ಷರೂ ಸೇರಿದಂತೆ ಎಲ್ಲರೂ ಅಂಚೆಯಲ್ಲಿಯೇ ಕಳುಹಿಸತಕ್ಕದ್ದು. ತಂಬಿಗೆಗಳು ಕವರಿನೊಳಗೆ ಹಿಡಿಯವಾದ್ದರಿಂದ, ಒಲೆ ಉಳಿಯಲೆನ್ನುವವರು ಎಲೆಗೆ ವಿಭೂತಿ ಬಳಿದು ಕಳುಹಿಸತಕ್ಕದ್ದು; ಅಂಗಡಿ ಬರಲೆನ್ನುವವರು ಬರಿಯ ಎಲೆಯನ್ನು ಕಳುಹಿಸತಕ್ಕದ್ದು. ಕೈ ನೋಯುವವನು ಕಡಿಮೆ ಕೆಲಸದ ದಾರಿಯನ್ನೇ ಹಿಡಿಯುತ್ತಾನೆಂಬುದು ಅವರಿಗೆ ಕಚೇರಿ ಕಲಿಸಿದ ಪಾಠವಾಗಿತ್ತು.

ಆ ಲೆಕ್ಕಾಚಾರ ಶಿವಗಂಗಮ್ಮನಿಗೂ ಹೊಳೆಯಿತು. ವಿಭೂತಿ ಕಲಸಿ ಮೂರು ಬೆರಳಲ್ಲಿ ಬಳಿಯುವುದು ತನಗೇ ಆಗುತ್ತಿಲ್ಲ. ಹಾಸಿಗೆ ಹಿಡಿದವರು ಅಷ್ಟು ಕಷ್ಟ ಯಾಕೆ ಪಡುತ್ತಾರೆ? ಅಂಗೈಯ ಬುಡವನ್ನು ವಿಭೂತಿಗೆ ಒತ್ತಿ, ಅದರಿಂದಲೇ ತನ್ನ ಎಲೆಯನ್ನು ಬೆಳ್ಳಗೆ ಮಾಡಿ, ಹಾಲವ್ವನ ಕೈಯಲ್ಲಿ ಕವರ್ ಕೊಟ್ಟಳು.

"ನನ್ನ ಒಲಿ ಹೋತು ಬಿಡವ್ವ."

"ಕೋಳಿ ಮುಟ್ಟದ ನಿಮ್ಮ ಮನ್ಯಾಗ ಚಿಕನ್ ಗುನ್ಯಾ ಬಂದೈತಿ. ಇನ್ನೇನರ ಆಗಬಹುದು, ತಡಿಯಕ್ಕ," ಎಂದು ಹಾಲವ್ವ ಸಮಾಧಾನ ಹೇಳಿ ಅಂಚೆಪೆಟ್ಟಿಗೆಯ ಕಡೆ ಹೊರಟಳು.

ಎಣಿಕೆಯ ದಿನ ಅಧ್ಯಕ್ಷರು ಆಟೋದಲ್ಲಿ ಬಂದರು. ಇಬ್ಬರು ಅವರನ್ನು ಹಿಡಿದು ಇಳಿಸಿದರು. ಜ್ವರ ಅವರ ಮಂಡಿಯನ್ನೂ ವಿಚಾರಿಸಿಕೊಂಡಿತ್ತು. ಮಹಡಿ ಹತ್ತುವುದು ಆಗದ ಕಾರಣ ಎಣಿಕೆ ರೊಟ್ಟಿಯ ಕೋಣೆಯಲ್ಲಿಯೇ ನಡೆಯಿತು. ಶಿವಗಂಗಮ್ಮ ಒಲೆಗೆ ಬೆನ್ನು ಕೊಟ್ಟು ಕುಳಿತಳು. ಚನ್ನವೀರೇಶ್ ಕವರುಗಳನ್ನು ಹರಿದು ಎಲೆಗಳನ್ನು ಒಂದೊಂದಾಗಿ ರೊಟ್ಟಿ ಬುಟ್ಟಿಗೆ ಹಾಕುತ್ತ ಹೋದ.

"ವಿಭೂತಿ. ವಿಭೂತಿ. ಇದೂ ವಿಭೂತಿ."

ಬರಿಯ ಎಲೆಗಳಿಗೆಂದು ಇಟ್ಟಿದ್ದ ತಟ್ಟೆಯಲ್ಲಿ ಒಂದು ಇರುವೆ ಸುತ್ತು ಹಾಕುತ್ತಿತ್ತು.

"ಮುಗೀತು ಸಾರ್."

"ಸರಿಯಾಗಿ ನೋಡಯ್ಯ. ನಂದೆಲ್ಲಿ?"

"ನಿಮ್ದೂ ಬುಟ್ಟಿಯಲ್ಲೇ ಇರಬೇಕು ಸಾರ್. ಬೇರೆ ಕಡೆ ಏನೂ ಇಲ್ವಲ್ಲ."

ಶಂಭುಲಿಂಗಪ್ಪನವರು ತಮ್ಮ ಬಲಗೈಯನ್ನು ನೋಡಿಕೊಂಡರು. ಬೆಳಗಿನ ಪೂಜೆಯ ವಿಭೂತಿ ಮೂರು ಬೆರಳಿಗೂ ಅಂಟಿತ್ತು. ವಿಭೂತಿ ಸೋಕದ ಬಿಲ್ವವನ್ನು ಆ ಮನೆತನಗಳಲ್ಲಿ ಯಾರೂ ಶಿವನ ಹೆಸರಿಗೆ ತೆಗೆದಿಟ್ಟವರಲ್ಲ. ಮಂದಿರದಲ್ಲಿ ಅರ್ಚಕರೇ ಬಳಿದು ಕೊಡುತ್ತಿದ್ದುದರಿಂದ ಅದೊಂದು ಕೆಲಸವೆಂಬುದೂ ಯಾರಿಗೂ ತೋಚಿರಲಿಲ್ಲ. ಮನೆಯಲ್ಲಿ ಸ್ನಾನ ಮಾಡಿ, ದೇವರ ಮುಂದೆ ಕುಳಿತು, ಎಲೆ ಕೈಗೆತ್ತಿಕೊಂಡಾಗ ಬೆರಳುಗಳು ಷರತ್ತನ್ನು ಓದಿರಲಿಲ್ಲ.

ಲಗ್ಗೆರೆಯವರು ಹೇಳುವಾಗ ಒಂದು ಎಲೆ ಬರಿದಾಗಿತ್ತೆಂದೂ, ಮಳೆಯಲ್ಲಿ ಕವರ್ ನೆನೆದು ವಿಭೂತಿ ತೊಳೆದುಹೋಗಿತ್ತೆಂದೂ ಸೇರಿಸುತ್ತಾರೆ. ಮೂಡಲಪಾಳ್ಯದವರು ಇದನ್ನು ಒಪ್ಪುವುದಿಲ್ಲ.

"ಇನ್ನೊಂದ್ಸಲ ತರಿಸೋಣ್ವಾ ಸಾರ್?" ಚನ್ನವೀರೇಶ್ ವಿನಯದಿಂದ ಕೇಳಿದ.

ಅಧ್ಯಕ್ಷರು ಕೈಯನ್ನು ಪಂಚೆಗೆ ಒರೆಸಲು ಹೋಗಿ, ಒರೆಸಲಿಲ್ಲ. "ಬೇಡ. ಇನ್ನೊಂದ್ಸಲ ಹಾಕಿದ್ರೂ ಇದೇ ಕೈ ತಾನೇ." ಒಲೆಯ ಕಡೆ ತಿರುಗಿದರು. "ರೊಟ್ಟಿ ಯಾವಾಗ್ಲಿಂದಮ್ಮ?"

"ಬೆರಳು ಮಡಚಾಕ ಬಂದ ಮ್ಯಾಲೆ, ಯಜಮಾನ್ರ."

ಮತಗಳನ್ನೆಲ್ಲ ತೊಳೆದು ಮರುದಿನದ ಪೂಜೆಗೆ ಬಳಸಲಾಯಿತು. ಬೆರಳು ಮಡಚಲು ದಸರಾ ಕಳೆಯಬೇಕಾಯಿತು. ಮೊದಲ ರೊಟ್ಟಿಗಳು ದಪ್ಪವಾಗಿ, ಅಂಚು ಸೀಳಿ ಬಂದವು. ಶಂಭುಲಿಂಗಪ್ಪನವರು ಎರಡು ತರಿಸಿಕೊಂಡು ತಿಂದು, ಅಂಚು ಸೀಳಿದೆಯೆಂದು ಹೇಳಿ ಕಳುಹಿಸಿದರು. ಅದನ್ನು ಅಂಚೆಯಲ್ಲಿ ಬರೆದು ಕಳುಹಿಸಲಿ ಎಂದಳಂತೆ ಶಿವಗಂಗಮ್ಮ.