ಎಡಗಡೆಯ ಗುಂಡಿ

ಡೆಸ್ಮಂಡನ ಬಾಯಿಂದ ಉದುರಿದ ಸಾಸೇಜ್ ರೋಲಿನ ಪುಡಿ ಪ್ಲಾಟ್‌ಫಾರ್ಮಿನ ತುಂಬ ಬಿದ್ದಿತ್ತು. ಒಂದಡಿಯನ್ನು ಎರಡು ಮಿಲಿಮೀಟರಿಗೆ ಇಳಿಸಿ ಮೇಜಿನ ಮೇಲೆ ಕಟ್ಟಿದ ಆ ಪುಟಾಣಿ ರೈಲುಲೋಕದಲ್ಲಿ ಒಂದೊಂದು ಚೂರೂ ಹಾಸುಗಲ್ಲಿನಷ್ಟು ದೊಡ್ಡದು. ಊದಿ ತೆಗೆಯಲೆಂದು ಬಗ್ಗಿದ ಥೆಲ್ಮಾ ಬಗ್ಗಿದಂತೆಯೇ ಉಳಿದಳು. ಅವಳ ಸ್ಟೇಷನ್ನಿನ ಚಿಮಣಿ ಎಡತುದಿಯಿಂದ ಬಲಕ್ಕೆ ಹೋಗಿತ್ತು. ಬಲತುದಿಯಲ್ಲಿದ್ದ ಗಂಡಸರ ಪಾಯಿಖಾನೆ ಎಡಕ್ಕೆ ಬಂದು ಕೂತಿತ್ತು.

ಏಳು ತಿಂಗಳ ಕೆಲಸ. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಬಂದ ಕೈಯಲ್ಲೇ ಅವಳು ರಟ್ಟು ಕತ್ತರಿಸಿದ್ದಳು. ನಿಜವಾದ ಬರ್ಕ್‌ಶಾ ಸ್ಟೇಷನ್ ಕೆಡವಿ ಐವತ್ತು ವರ್ಷದ ಮೇಲಾಯಿತು, ಈಗಲ್ಲಿ ಟೈರಿನಂಗಡಿ. ನಕ್ಷೆಯಿಲ್ಲ. ಉಳಿದದ್ದು ಅವರ ಮಾದರಿ ರೈಲು ಕ್ಲಬ್ಬಿನ ಆಲ್ಬಮ್ಮಿನಲ್ಲಿದ್ದ ಯುದ್ಧಕಾಲದ ಒಂದೇ ಒಂದು ಫೋಟೊ. ಭೂತಗನ್ನಡಿ ಹಿಡಿದು ಗೋಡೆಯ ಇಟ್ಟಿಗೆ ಸಾಲುಗಳನ್ನು ಎಣಿಸಿ, ನಾಲ್ಕು ಸಾಲಿಗೆ ಒಂದಡಿಯಂತೆ ಕಿಟಕಿ ಬಾಗಿಲುಗಳ ಅಳತೆ ಹಿಡಿದಿದ್ದಳು. ಆ ಕಟ್ಟಡ ಇದ್ದ ಹಾಗೆಯೇ ಇನ್ನೊಂದು ಸಲ ಊರಿನವರ ಕಣ್ಣಿಗೆ ಬೀಳಬೇಕು ಎನ್ನುವುದೊಂದೇ ಅವಳ ಹಟ. ಇವತ್ತು ಹತ್ತಕ್ಕೆ ಚರ್ಚಿನ ಸಭಾಂಗಣದ ಬಾಗಿಲು ತೆಗೆದರೆ ಪ್ರದರ್ಶನ ಶುರು.

“ಯಾರು ಮುಟ್ಟಿದ್ದು ಇದನ್ನ?”

“ನಾನೇ, ಪುಟ್ಟಿ,” ಎಂದ ಡೆಸ್ಮಂಡ್. ಕ್ಲಬ್ಬಿನ ಅಧ್ಯಕ್ಷ ಅವನು. ಐವತ್ತೆಂಟರ ಹೆಂಗಸನ್ನು ಪುಟ್ಟಿ ಎನ್ನುವುದು ಅವನ ಪ್ರಕಾರ ಅಕ್ಕರೆ. “ನಿನ್ನೆ ಕೂತು ಸರಿಮಾಡಿದೆ. ಆ ಫೋಟೊ ಉಲ್ಟಾ ಪ್ರಿಂಟಾಗಿದೆ ಕಣೆ!”

“ಉಲ್ಟಾನಾ?”

“ನೆಗೆಟಿವ್ ಮಗುಚಿ ಹಾಕಿದಾನೆ ಯಾವನೋ. ಮುಂದೆ ನಿಂತಿದಾನಲ್ಲ ಪೋರ್ಟರು, ಅವನ ಕೋಟು ನೋಡು. ಗುಂಡಿ ಎಡಗಡೆ! ಯಾವ ಗಂಡಸಿನ ಕೋಟಿಗೆ ಎಡಗಡೆ ಗುಂಡಿ ಇರುತ್ತೆ? ನಲವತ್ತು ವರ್ಷ ಪಳಗಿದ ಕಣ್ಣಮ್ಮ ಇದು. ಸೌಟು ಹಿಡಿಯೋರ ಕಣ್ಣಲ್ಲ.”

“ಸ್ಟೇಷನ್ ಬೋರ್ಡಿದ್ದಿದ್ರೆ ಅಕ್ಷರ ನೋಡಿ ತಿಳೀಬಹುದಿತ್ತು,” ಎಂದ ಚಹಾ ಬಸಿಯುತ್ತಿದ್ದ ಮುದುಕ ವಿಲ್ಫ್. “ಶತ್ರುಗಳು ಬಂದಿಳಿದ್ರೆ ಯಾವೂರು ಅಂತ ಗೊತ್ತಾಗಬಾರದು ಅಂತ ಯುದ್ಧದಲ್ಲಿ ಅದನ್ನೆಲ್ಲ ಕಿತ್ತಾಕಿದ್ರಲ್ಲ.”

ಥೆಲ್ಮಾ ಕಟ್ಟಡವನ್ನು ಮೆಲ್ಲಗೆ ಎತ್ತಿದಳು. ಎರಡೂ ತುದಿಗಳನ್ನು ಚಾಕುವಿನಿಂದ ಕೊಯ್ದು ಅದಲುಬದಲು ಮಾಡಿದ್ದ. ಕೂದಲೆಳೆಯ ತಂತಿಯಿಂದ ಮಾಡಿದ ನೀರಿನ ಕೊಳವೆಗಳು ಸೊಟ್ಟಗಾಗಿದ್ದವು. ಸಂದಿಗಳಲ್ಲಿ ಹಳದಿ ಅಂಟು ಸಿಂಬಳದಂತೆ ಇಳಿದು ಅರೆಬರೆ ಒಣಗಿತ್ತು. ಅದರಲ್ಲಿ ಅವನ ಹೆಬ್ಬೆರಳಿನ ಗುರುತು. ಗುರುತಿನೊಳಗೆ ಅವನದೋ ಅವನ ನಾಯಿಯದೋ ಒಂದು ಬಿಳಿ ಕೂದಲು.

ಆಮೇಲೆ ಪ್ಲಾಟ್‌ಫಾರ್ಮಿನ ಮೇಲಿದ್ದ ಪೋರ್ಟರ್ ಗೊಂಬೆ ಕಣ್ಣಿಗೆ ಬಿತ್ತು. ಎರಡು ಅಕ್ಕಿಕಾಳಿನ ಎತ್ತರದ ಗೊಂಬೆ. ಅದರ ತುಟಿಯ ಮೇಲೊಂದು ಕರಿಚುಕ್ಕೆ.

“ಇದೇನು?”

“ಮೀಸೆ,” ಡೆಸ್ಮಂಡ್ ಹೆಮ್ಮೆಯಿಂದ ನಕ್ಕ. “ಕುತ್ತಿಗೆ ಹಿಂದೆ ನಿನ್ನ ಬಣ್ಣ ಗಡ್ಡೆ ಕಟ್ಟಿತ್ತು. ಅದನ್ನೂ ಕೆರೆದು ತೆಗೆದೆ.”

“ಅದು ಬಣ್ಣದ ಗಡ್ಡೆ ಅಲ್ಲ. ಅವಳ ತುರುಬು.”

ಥೆಲ್ಮಾ ಆಲ್ಬಮ್ಮಿನಿಂದ ಫೋಟೊ ತೆಗೆದು, ಭೂತಗನ್ನಡಿಯ ಸಮೇತ ವಿಲ್ಫನ ಮುಂದಿಟ್ಟಳು. ವಿಲ್ಫ್ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ.

“ಅಯ್ಯೋ ಡೆಸ್ಮಂಡ್, ಇದು ಹೆಂಗಸು ಕಣೋ! ಟೋಪಿ ಕೆಳಗೆ ಪಿನ್ನು ಸಮೇತ ಕಾಣ್ತಿದೆ. ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ಹೆಂಗಸರೇ ಅಲ್ವೇನೋ ಪೆಟ್ಟಿಗೆ ಹೊತ್ತಿದ್ದು? ಹೆಂಗಸರ ಕೋಟಿಗೆ ಗುಂಡಿ ಎಡಗಡೇನೇ. ಫೋಟೊ ಸರಿಯಾಗೇ ಇದೆಯಲ್ಲೋ!”

ಡೆಸ್ಮಂಡ್ ಫೋಟೊ ಕಿತ್ತುಕೊಂಡು ನೋಡಿದ. ಕಿವಿ ಕೆಂಪಾಯಿತು. ಅವನು ಕ್ಷಮೆ ಕೇಳಿದ್ದರೆ ಥೆಲ್ಮಾ ಏನು ಮಾಡುತ್ತಿದ್ದಳೋ. ಬಹುಶಃ ಕೊರಗಿಕೊಂಡೇ ಸುಮ್ಮನಾಗುತ್ತಿದ್ದಳು. ಆದರೆ ಅವನು ತುಟಿಗಂಟಿದ ಎಣ್ಣೆಯನ್ನು ನಾಲಗೆಯಿಂದ ನೆಕ್ಕಿ, “ಹೋಗ್ಲಿ ಬಿಡು ಪುಟ್ಟಿ,” ಎಂದ. “ಯಾರಿಗೆ ಗೊತ್ತಾಗುತ್ತೆ? ಬರೋರೆಲ್ಲ ರೈಲು ಓಡೋದನ್ನ ನೋಡ್ತಾರೆ. ಎಡ ಆದ್ರೇನು, ಬಲ ಆದ್ರೇನು?”

ಒಂದು ಗುಂಡಿಗಾಗಿ ಅವಳ ಏಳು ತಿಂಗಳನ್ನು ಕೊಯ್ದವನು ಇವನೇ. ತಪ್ಪು ತನ್ನದೆಂದಾಗ ಎಡಬಲವೆಲ್ಲ ಒಂದೇ ಆಗಿಹೋಯಿತು. ಆ ಅಂಟಿಗಿಂತ ಹೇಸಿಗೆಯದು ಈ ಮಾತು ಅನ್ನಿಸಿತು ಅವಳಿಗೆ.

ಥೆಲ್ಮಾ ಚೀಲದಿಂದ ತಿಂಡಿ ಡಬ್ಬಿ ತೆಗೆದು, ಸ್ಯಾಂಡ್‌ವಿಚ್ಚನ್ನು ವಿಲ್ಫನ ಕೈಗೆ ಕೊಟ್ಟು, ಖಾಲಿ ಡಬ್ಬಿಯಲ್ಲಿ ಸ್ಟೇಷನ್ನನ್ನು ಮಲಗಿಸಿದಳು.

“ಏಯ್, ಏನ್ಮಾಡ್ತಿದೀಯ? ಹತ್ತಾಯ್ತು! ಅಲ್ಲಿ ಖಾಲಿ ಕಾಣುತ್ತೆ!”

“ಯಾರಿಗೆ ಗೊತ್ತಾಗುತ್ತೆ ಬಿಡಿ.”

ಮೀಸೆಯ ಗೊಂಬೆಯನ್ನು ಮಾತ್ರ ಅಲ್ಲೇ ಬಿಟ್ಟಳು. ಸ್ಟೇಷನ್ನಿಲ್ಲದ ಪ್ಲಾಟ್‌ಫಾರ್ಮಿನಲ್ಲಿ, ಅಂಟಿನ ಕಲೆಗಳ ಮುಂದೆ, ಅದು ಒಂಟಿಯಾಗಿ ನಿಂತಿತ್ತು.

ಸಭಾಂಗಣದ ಹಿಂದಿನ ಸಿಂಕಿನಲ್ಲಿ ಅವಳು ಕೈ ತೊಳೆಯುತ್ತಿದ್ದಾಗ ಬಾಗಿಲು ತೆಗೆದ ಸದ್ದಾಯಿತು. ಯಾರೋ ಮುದುಕಿಯ ದನಿ ಕೇಳಿತು: “ಬರ್ಕ್‌ಶಾ ಸ್ಟೇಷನ್ ಮಾಡಿದಾರೆ ಅಂದ್ರಲ್ಲಪ್ಪಾ, ಎಲ್ಲಿದೆ?”

ಡೆಸ್ಮಂಡ್ ಏನು ಹೇಳುತ್ತಾನೆಂದು ಕೇಳಲು ಅವಳು ನಲ್ಲಿ ನಿಲ್ಲಿಸಲಿಲ್ಲ. ಬೆರಳಿನಲ್ಲಿ ಇನ್ನೂ ಅವನ ಅಂಟು ಉಳಿದಿತ್ತು. ಮತ್ತೊಂದು ಸಲ ಸೋಪು ಹಚ್ಚಿದಳು.