ಅಪ್ಪ ಆಡದ ಮಾತು

ಪರದೆಯ ಸಂದಿಯಿಂದ ಇಣುಕಿದ ಮೆದೆರ್‌ಗೆ ಮೂರನೆಯ ಸಾಲಿನಲ್ಲಿ ಕೂತಿದ್ದ ಅಪ್ಪ ಕಂಡ. ಪಕ್ಕದಲ್ಲಿ ಅಕ್ಕ ಬುರುಲ್, ಕೈಚೀಲದಿಂದ ಕರಿದ ಹಿಟ್ಟಿನ ಬೊರ್ಸೋಕ್ ತುಂಡುಗಳನ್ನು ತೆಗೆದು ಅವನ ಅಂಗೈಗೆ ಹಾಕುತ್ತಿದ್ದಳು. ಇಷ್ಟು ವರ್ಷದಲ್ಲಿ ಅಪ್ಪ ನಾರಿನ್ ಪಟ್ಟಣದ ಈ ರಂಗಮಂದಿರದ ಮೆಟ್ಟಿಲು ತುಳಿದವನಲ್ಲ. ತಮ್ಮ ಹೊಸ ನಾಟಕ ಬರೆದಿದ್ದಾನೆ, ಮುಖ್ಯ ಪಾತ್ರವೂ ಅವನದೇ ಎಂದಷ್ಟೇ ಅಕ್ಕನಿಗೆ ಗೊತ್ತಿತ್ತು. ತಮ್ಮನಿಗೆ ಖುಷಿಯಾಗಲಿ ಎಂದು ಹೇಳದೆ ಕೇಳದೆ ಹಳ್ಳಿಯಿಂದ ಮುದುಕನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದುಬಿಟ್ಟಿದ್ದಳು.

ಮೀಸೆ ಚಿಗುರುವ ವಯಸ್ಸಿಗೇ ಮೆದೆರ್ ಈ ನಾಟಕ ಮಂಡಳಿ ಸೇರಿದ್ದ. ಖಾನನ ಕಾವಲುಗಾರನಾದ, ಕುಡುಕನಾದ, ಹೊಸವರ್ಷದ ರಜೆಯಲ್ಲಿ ಮಕ್ಕಳನ್ನು ಹೆದರಿಸುವ ತೋಳನಾದ. ಬೇರೆಯವರ ಮಾತು ಒಪ್ಪಿಸಿ ಒಪ್ಪಿಸಿ ನಾಲಿಗೆ ಜಡ್ಡುಗಟ್ಟಿದಾಗ, ನಲವತ್ತು ದಾಟಿದ ಮೇಲೆ ತಾನೇ ಬರೆಯತೊಡಗಿದ. ಮೊದಲಿನ ಎರಡು ನಾಟಕಗಳಿಗೆ ಜನ ನಕ್ಕು ಮನೆಗೆ ಹೋದರು. ಈ ಮೂರನೆಯದು ಹಾಗಲ್ಲ. ಸಾದಿರ್ ಎಂಬ ಗಂಡಸು, ಹೆಂಡತಿ ಹಾಸಿಗೆ ಹಿಡಿದಿರುವಾಗ, ತವರಿನಿಂದ ಅವಳ ಜೊತೆ ಬಂದ ಕುದುರೆಯನ್ನು ತನ್ನ ಅಣ್ಣನ ತಿಥಿಯೂಟಕ್ಕೆ ಕಡಿಯುತ್ತಾನೆ. ಅವಳು ಕೇಳಿದರೆ ಮೇಯಲು ಹೋಗಿದೆ ಎನ್ನುತ್ತಾನೆ. ಅವಳು ಅದನ್ನೇ ನಂಬಿ ಸಾಯುತ್ತಾಳೆ. ಅಪ್ಪ ಅಮ್ಮನ ಹೆಸರುಗಳನ್ನು ಬದಲಾಯಿಸಿದ್ದ, ಅಮ್ಮನ ಕುದುರೆಯ ಹಣೆಯ ಬಿಳಿ ಮಚ್ಚೆಯನ್ನು ಹಾಗೇ ಉಳಿಸಿಕೊಂಡಿದ್ದ. ಅಪ್ಪ ಕೆಮ್ಮುವ ರೀತಿ, ಚಾಟಿಯನ್ನು ಬೂಟಿಗೆ ಸಿಕ್ಕಿಸುವ ರೀತಿ, ಎಲ್ಲವನ್ನೂ ತನ್ನ ಮೈಗೆ ಇಳಿಸಿಕೊಂಡಿದ್ದ.

ಈಗ ಕಾಲು ಸುಟ್ಟ ಬೆಕ್ಕಿನ ಹಾಗೆ ಪರದೆಯ ಹಿಂದೆ ಸುತ್ತತೊಡಗಿದ. ಗಂಟಲು ಕಟ್ಟಿದೆ, ಇವತ್ತು ಬೇಡ ಎಂದು ನಿರ್ದೇಶಕನಿಗೆ ಹೇಳಿ ಬೈಸಿಕೊಂಡ. ಹೆಂಡತಿಯ ಪಾತ್ರದ ಬಾತ್ಮಾಳ ಹತ್ತಿರ ಹೋಗಿ, ಕುದುರೆಯ ದೃಶ್ಯ ಬಿಟ್ಟುಬಿಡೋಣವೇ ಎಂದು ಕೇಳಿದ. ಅವಳು ತಲೆವಸ್ತ್ರ ಬಿಗಿದುಕೊಳ್ಳುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬರೆಯೋವಾಗ ಕೈ ನಡುಗಲಿಲ್ಲ. ಈಗ ಕಾಲು ನಡುಗುತ್ತಾ?"

ಆಟ ಶುರುವಾಯಿತು. ಆ ದೃಶ್ಯವೂ ಬಂತು. ಹಾಸಿಗೆಯಿಂದ ಅರ್ಧ ಎದ್ದು ಬಾತ್ಮಾ ಕುದುರೆ ಎಲ್ಲಿ ಎಂದು ಕೇಳಿದಳು. ಮೆದೆರ್ ಅಪ್ಪನ ಹಾಗೆ ಕೆಮ್ಮಿದ.

"ಮೇಲಿನ ಹುಲ್ಲುಗಾವಲಲ್ಲಿದೆ ಕಣೇ. ಮೇದು ಮೇದು ಕೊಬ್ಬಿದೆ."

"ನಾನು ಹಾಗೆ ಹೇಳ್ಲಿಲ್ಲ."

ದನಿ ಜೋರಾಗಿರಲಿಲ್ಲ, ಆದರೆ ಸಭಾಂಗಣಕ್ಕೆಲ್ಲ ಕೇಳಿಸಿತು. ಅಪ್ಪ ಎದ್ದು ನಿಂತಿದ್ದ. ಇದೂ ನಾಟಕದ್ದೇ ಇರಬೇಕೆಂದು ಹಿಂದಿನ ಸಾಲಿನವರು ನಕ್ಕರು. ಬುರುಲ್ ತೋಳು ಹಿಡಿದು ಎಳೆದು ಕೂರಿಸಿದಳು. ಮೆದೆರ್‌ಗೆ ಮುಂದಿನ ಮಾತು ಹೊರಡಲಿಲ್ಲ. ತಾನೇ ಬರೆದ ಮಾತು. ಬಾತ್ಮಾಳೇ ಅವನ ಪಾಲನ್ನೂ ತನ್ನ ಪಾಲಿಗೆ ಸೇರಿಸಿಕೊಂಡು ದೃಶ್ಯ ದಾಟಿಸಿದಳು.

ಆಟ ಮುಗಿದು, ಅವನು ಅಂಟು ಗಡ್ಡ ಕೀಳುತ್ತಿದ್ದಾಗ ಅಪ್ಪ ಬಣ್ಣದ ಕೋಣೆಗೆ ಬಂದ. ಬುರುಲ್ ಬಾಗಿಲಲ್ಲೇ ನಿಂತಳು. ಅತ್ತು ಅವಳ ಮುಖ ಊದಿತ್ತು.

"ಕುದುರೆ ಕಡಿದಿದ್ದು ನಿಜ," ಎಂದ ಅಪ್ಪ. "ಊರೆಲ್ಲ ತಿಂದಿದೆ, ಮುಚ್ಚಿಡೋಕೇನಿದೆ? ಆದ್ರೆ ಅವಳಿಗೆ ನಾನು ಸುಳ್ಳು ಹೇಳ್ಲಿಲ್ಲ. ಅವಳು ಕೇಳಲೂ ಇಲ್ಲ. ಮಾಂಸ ಬೇಯೋ ವಾಸನೆ ಹಾಸಿಗೆವರೆಗೂ ಬರ್ತಿತ್ತು. ಇನ್ನು ಕೇಳೋದೇನು?"

"ಮತ್ತೆ ನೀವೇನು ಮಾಡಿದ್ರಿ?"

"ಅವಳ ಕಾಲ ಹತ್ರ ಕೂತೆ. ತಣ್ಣಗಿತ್ತು ಕಾಲು. ತೊಡೆ ಮೇಲೆ ಇಟ್ಕೊಂಡೆ. ಒಂದು ಸಲ ಒದ್ದಳು. ಆಮೇಲೆ ಸುಮ್ಮನಾದಳು."

"ನಂಗಿದನ್ನ ಯಾರೂ ಹೇಳ್ಲೇ ಇಲ್ಲ."

"ಎರಡು ಸಲ ಹೇಳಿ ಕಳಿಸಿದ್ವಿ, ನೀನು ಬರ್ಲಿಲ್ಲ. ರಜೆಯ ಆಟದಲ್ಲಿ ತೋಳ ಆಗಿದ್ದೆ."

ಹಂಗಿಸುವ ದನಿಯಲ್ಲ, ಹವಾಮಾನದ ಸುದ್ದಿ ಹೇಳುವಂಥ ದನಿ. ಮೆದೆರ್ ಕನ್ನಡಿಯ ಕಡೆಗೆ ತಿರುಗಿದ, ಅಲ್ಲೂ ನೋಡಲಾಗದೆ ಕೈಯಲ್ಲಿದ್ದ ಗಡ್ಡವನ್ನೇ ನೋಡಿದ. ಅಪ್ಪ ಹೊರಟವನು ಬಾಗಿಲಲ್ಲಿ ನಿಂತು, ಚಾಟಿ ಸಿಕ್ಕಿಸಿಕೊಳ್ಳುವುದು ಮಾತ್ರ ಸರಿಯಾಗಿದೆ ಎಂದು ಹೇಳಿ ಹೋದ.

ಆ ವಾರವೆಲ್ಲ ಮೆದೆರ್ ಆ ದೃಶ್ಯವನ್ನು ತಿದ್ದಲು ಕೂತ. ಬರೆದ, ಹರಿದ, ಎದ್ದು ನದಿಯ ದಂಡೆಯುದ್ದಕ್ಕೂ ನಡೆದ, ಬಂದು ಮತ್ತೆ ಬರೆದ. ಸಾದಿರ್‌ನ ಬಾಯಿಗೆ ಹಾಕಿದ ಮಾತೆಲ್ಲ ಹುಸಿಯಾಗಿಯೇ ಕೇಳುತ್ತಿತ್ತು. ಮಂಡಳಿ ಆಟ ಕೊಡಲು ಕೊಚ್ಕೋರ್ ಊರಿಗೆ ಹೊರಟಾಗ ಅವನ ಕೈಯಲ್ಲಿ ಒಂದು ಹೊಸ ಸಾಲೂ ಇರಲಿಲ್ಲ. ಅಲ್ಲಿ ರಂಗಕ್ಕೆ ಹೋಗುವ ಮುಂಚೆ, ಇವತ್ತು ಕುದುರೆಯ ವಿಷಯ ಕೇಳಬೇಡ ಎಂದು ಬಾತ್ಮಾಳಿಗೆ ಹೇಳಿದ.

"ಮತ್ತೇನು ಮಾಡ್ಲಿ?"

"ಗೊತ್ತಿಲ್ಲ."

ಅವಳು ಹಾಸಿಗೆಯಲ್ಲಿ ಮಲಗಿದ್ದಳು. ಮೆದೆರ್ ಒಳಗೆ ಬಂದ. ಕೆಮ್ಮಲಿಲ್ಲ. ಅವಳ ಕಾಲ ಬಳಿ ಕೂತು, ಉಣ್ಣೆಯ ಕಾಲುಚೀಲ ತೊಟ್ಟ ಪಾದಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಚಳಿಗಟ್ಟಿದ ಸಭಾಂಗಣದಲ್ಲಿ ಜನ ಕೋಟು ಬಿಗಿಹಿಡಿದು ಕೂತಿದ್ದರು. ಯಾರದೋ ಕುರ್ಚಿ ಕಿರುಗುಟ್ಟಿತು. ಪಕ್ಕದ ಮರೆಯಲ್ಲಿ ಮಾತು ನೆನಪಿಸುವವಳು ಗಾಬರಿಯಿಂದ ಹಾಳೆ ತಿರುವಿದಳು. ಅಭ್ಯಾಸದಲ್ಲಿಲ್ಲದ್ದು ನಡೆಯುತ್ತಿದೆಯೆಂದು ಬಾತ್ಮಾ ಒಂದು ಗಳಿಗೆ ಕಾಲುಗಳನ್ನು ಸೆಟೆಸಿದಳು. ಆಮೇಲೆ ಅವುಗಳ ಭಾರ ಮೆಲ್ಲಗೆ, ಒಂದರ ನಂತರ ಒಂದು, ಅವನ ಮೇಲೆ ಇಳಿಯಿತು.