ಸೂಸೈರಾಜ್ ಸತ್ತ ದೇಶ

ನನ್ನ ಮಗ ಸೂಸೈರಾಜ್ ಮೈಸೂರಿನ ಕುದುರೆ ದಂಡಿನ ಜೊತೆ ಲಾಳ ಕಟ್ಟುವ ಕೆಲಸಕ್ಕೆಂದು ಹಡಗು ಹತ್ತಿದವನು, ದೊಡ್ಡ ಯುದ್ಧ ಮುಗಿಯುವ ವರ್ಷ ಗಾಜಾದ ಆಚೆ ಜ್ವರದಿಂದ ಸತ್ತ. ಹೆಣ ಬರಲಿಲ್ಲ. ಚರ್ಚಿನಲ್ಲಿ ಖಾಲಿ ಪೆಟ್ಟಿಗೆಗೆ ಕಪ್ಪು ಬಟ್ಟೆ ಹೊದಿಸಿ ಪೂಜೆ ಮಾಡಿಸಿದೆವು. ಆಗ ಊರಿಗೆ ಧರ್ಮಪಾಠ ಹೇಳುವ ನಮ್ಮ ಉಪದೇಶಿ ದೇವಸಹಾಯಂ ಎದ್ದುನಿಂತು, "ಇವನು ಯೂದಾಯದಲ್ಲಿ, ಯೇಸುಸ್ವಾಮಿ ನಡೆದಾಡಿದ ಮಣ್ಣಿನಲ್ಲಿ ಮಲಗಿದ್ದಾನೆ" ಎಂದು ಸಾರಿದ.

ಅಲ್ಲಿಂದ ನನ್ನ ಸಂಕಟ ಶುರುವಾಯಿತು. ಅಂಥ ಮಣ್ಣಿನಲ್ಲಿ ಸತ್ತವನು ನೇರ ಸ್ವರ್ಗಕ್ಕೇ ಹೋಗುತ್ತಾನೆಂದು ಜನ ನಂಬಿಬಿಟ್ಟರು. ನವೆಂಬರಿನ ಸತ್ತವರ ಹಬ್ಬದಲ್ಲಿ ಅವನ ಹೆಸರಿಗೆ ಒಬ್ಬರೂ ಮೇಣದಬತ್ತಿ ಹಚ್ಚಲಿಲ್ಲ, ಒಂದು ಜಪ ಹೇಳಲಿಲ್ಲ. ನನ್ನ ಮಗ ಕುಡಿಯುತ್ತಿದ್ದ, ಹೊಡೆದಾಡುತ್ತಿದ್ದ. ಸ್ವರ್ಗಕ್ಕೆ ಮುಂಚೆ ಪಾಪ ಕಳೆಯುವ ಶುದ್ಧೀಕರಣದ ಬೆಂಕಿಯಲ್ಲಿ ಬೇಯುತ್ತ, ಬದುಕಿರುವವರ ಜಪದಿಂದ ಬೇಗ ಪಾರಾಗಬೇಕಾದವನನ್ನು ಸಂತನೆಂದು ಕರೆದು ಎಲ್ಲರೂ ಕೈಬಿಟ್ಟರು.

ಕೊನೆಗೆ ಗುರುಗಳ ಅಪ್ಪಣೆ ಪಡೆದು ಚರ್ಚಿನ ಸಮಾಧಿಗಳ ನಡುವೆ ಅವನ ಹೆಸರಿನ ಕಲ್ಲು ನಿಲ್ಲಿಸಿದೆ. ‘ಪ್ಯಾಲಸ್ತೀನಿನಲ್ಲಿ ಸತ್ತವನು. ಇವನಿಗಾಗಿ ಪ್ರಾರ್ಥಿಸಿರಿ’ ಎಂದು ಕೆತ್ತಿಸಿದೆ. ಯೂದಾಯ ಎಂದು ಬರೆಸಿದ್ದರೆ ಜನ ಮತ್ತೆ ಸಂತನೆಂದೇ ದಾಟಿಹೋಗುತ್ತಿದ್ದರು. ಅಲ್ಲಿಯ ಜನ ತಮ್ಮ ನಾಡನ್ನು ಹಾಗೆಯೇ ಕರೆಯುತ್ತಾರೆಂದು ದಂಡಿನಿಂದ ಮರಳಿದ ಚಾಮಯ್ಯ ಹೇಳಿದ್ದ.

ಮರುವರ್ಷ ಸತ್ತವರ ಹಬ್ಬದ ಬೆಳಿಗ್ಗೆ ಸಮಾಧಿಗಳ ನಡುವೆ ಎಲ್ಲರೆದುರು ಅದನ್ನು ಓದಿದ ದೇವಸಹಾಯಂ ಕೆಂಡವಾದ.

"ಏನ್ರೀ ಇನ್ನಾಸಪ್ಪ, ತಲೆ ಕೆಟ್ಟೋಯ್ತಾ? ಅದು ಫಿಲಿಷ್ಟಿಯರ ಹೆಸರು ಕಣ್ರೀ! ದೇವಜನರ ಶತ್ರುಗಳದ್ದು!"

"ಗೊತ್ತು. ಮೊದಲು ಅವರ ಕರಾವಳಿಗೆ ಮಾತ್ರ ಆ ಹೆಸರಿತ್ತು. ಯೆಹೂದ್ಯರು ದಂಗೆ ಎದ್ದಾಗ ರೋಮಿನ ದೊರೆ ಯೂದಾಯ ಅನ್ನೋದನ್ನ ಅಳಿಸಿ ನಾಡಿಗೆಲ್ಲ ಇದನ್ನೇ ಮೆತ್ತಿದ. ಈಗ ಅಲ್ಲಿ ಹುಟ್ಟಿ ಬೆಳೆದೋರಿಗೆ ಅದು ಊರಿನ ಹೆಸರು, ಅಷ್ಟೆ."

"ನಿಮ್ಮ ಪಾಂಡಿತ್ಯ ಬುಡಿ! ಮಗನ್ನ ಸ್ವರ್ಗದಿಂದ ಎಳ್ಕೊಂಡ್ಬಂದು ಆ ಫಿಲಿಷ್ಟಿಯರ ದೈತ್ಯ ಗೋಲಿಯಾತನ ಪಕ್ಕ ಮಲಗಿಸ್ತಿದೀರಲ್ಲ, ನೀವೊಬ್ಬ ಅಪ್ಪನಾ?"

"ಸ್ವರ್ಗಕ್ಕೆ ಕಳಿಸಿದ್ದು ನೀನು. ಅಲ್ಲಿಗೆ ರಹದಾರಿ ಕೊಡೋಕೆ ನೀನ್ಯಾವನೋ?"

ಅವನು ಜನರತ್ತ ತಿರುಗಿ ಕೂಗಿದ: "ಕೇಳ್ರಪ್ಪಾ! ಇವರ ಮಗ ಸತ್ತಿದ್ದು ಪುಣ್ಯಭೂಮೀಲಲ್ವಂತೆ, ಗೋಲಿಯಾತನ ನಾಡಲ್ಲಂತೆ!"

ಜನ ಹಿಂದೆ ಸರಿದರು. ನೆರೆಮನೆಯ ಲೂರ್ದುಮೇರಿ ಮಾತ್ರ ಕಲ್ಲಿನ ಹತ್ತಿರ ಬಂದು ಮುಖ ಸಿಂಡರಿಸಿದಳು.

"ಅಯ್ಯೋ, ಸಂತ ಅಂದ್ಕೊಂಡು ಮಂಡಿನೋವು ವಾಸಿಮಾಡಪ್ಪಾ ಅಂತ ಇವನ್ನೇ ಬೇಡ್ಕೊತಿದ್ನಲ್ಲ! ಥೂ, ಅದಕ್ಕೇ ಕಮ್ಮಿ ಆಗ್ಲಿಲ್ಲ. ಪಾಪಿ ಮುಂಡೇದು, ಎಂಗೆ ಬೇಯ್ತಿದೆಯೋ ಏನೋ."

ಬೈಯುತ್ತಲೇ ಬತ್ತಿ ಹಚ್ಚಿ, ನೋವಿನ ಮಂಡಿಯೂರಿ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರುಮಾಡಿದಳು. ಇನ್ನಿಬ್ಬರು ಹೆಂಗಸರು ಒಲ್ಲದ ಮನಸ್ಸಿನಿಂದ ದನಿಗೂಡಿಸಿದರು. ದೇವಸಹಾಯಂ ನನ್ನ ಕಾಲಿನ ಮೇಲೇ ಉಗುಳಿ ಹೊರಟುಹೋದ. ನಾನು ಒರೆಸಿಕೊಳ್ಳಲೂ ನಿಲ್ಲದೆ ಅವಳ ಪಕ್ಕ ಮಂಡಿಯೂರಿದೆ.